ಹುಡುಗಿಯನ್ನು ಕೇಳುವ ಆಟ

ಮದುವೆಯ ಮಾತುಕತೆಯಲ್ಲಿ ನಾವು ಎಲ್ಲರನ್ನೂ ಕೇಳುತ್ತೇವೆ. ಅಜ್ಜನನ್ನು ಕೇಳುತ್ತೇವೆ, ಸೋದರಮಾವನನ್ನು ಕೇಳುತ್ತೇವೆ, ಪುರೋಹಿತರನ್ನು ಕೇಳುತ್ತೇವೆ, ಆ ದಿನ ಖಾಲಿ ಇದೆಯೇ ಎಂದು ಕಲ್ಯಾಣಮಂಟಪದವರನ್ನೂ ಕೇಳುತ್ತೇವೆ. ಹುಡುಗಿಯ ಸರದಿ ಬರುವುದು ಎಲ್ಲ ಮುಗಿದ ಮೇಲೆ, ಅದೂ "ನಿನಗೆ ಒಪ್ಪಿಗೆ ತಾನೇ?" ಎಂದು. ಈ 'ತಾನೇ' ಇದೆಯಲ್ಲ, ಉತ್ತರವನ್ನು ಅದು ಮೊದಲೇ ಸೆರಗಿನಲ್ಲಿ ಕಟ್ಟಿಕೊಂಡು ಬಂದಿರುತ್ತದೆ. ಈಗ ಕಾಲ ಬದಲಾಗಿದೆ ಎನ್ನುತ್ತಾರೆ. ಬದಲಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ನನಗೆ, "ನಿನಗೆ ಏನು ಬೇಕು?" ಎಂದು ಕೇಳಿದರೆ ಇಂದಿಗೂ ನಮ್ಮ ಹುಡುಗಿಯರು ಮೊದಲು ಅಮ್ಮನ ಮುಖ ನೋಡುತ್ತಾರೆ ಎಂಬುದು ಗೊತ್ತು.

ಹೀಗಿರುವಾಗ, ಹುಡುಗಿಯ ಮುಂದೆ ಐದಾರು ಗಂಡುಗಳನ್ನು ತಂದು ನಿಲ್ಲಿಸಿ "ಅವಸರವಿಲ್ಲ ತಾಯಿ, ಒಬ್ಬೊಬ್ಬರನ್ನೇ ಮಾತಾಡಿಸಿ ನೋಡು, ಆಮೇಲೆ ಹೇಳು" ಎನ್ನುವ ಆಟವೊಂದು ಜಪಾನಿನಲ್ಲಿ ಹುಟ್ಟಿ ಮೂವತ್ತು ವರ್ಷ ದಾಟಿತು. ಒಟೊಮೆ ಆಟ ಎಂದು ಅದಕ್ಕೆ ಹೆಸರು. ಒಟೊಮೆ ಎಂದರೆ ಕನ್ನಿಕೆ. ಬಹುಕಾಲ ಜಪಾನಿ ಭಾಷೆಯೊಳಗೇ ಉಳಿದಿದ್ದ ಈ ಆಟಗಳು ಕೆಲವು ವರ್ಷಗಳಿಂದ ಇಂಗ್ಲಿಷಿನಲ್ಲಿ ಒಂದರ ಹಿಂದೊಂದು ಬರುತ್ತಿವೆ. ಇಂಗ್ಲಿಷಿಗೆ ಬಂತೆಂದರೆ ನಮ್ಮ ದಾಂಡೇಲಿ, ಹಳಿಯಾಳಕ್ಕೂ ಬಂದಂತೆಯೇ. ನಮ್ಮ ಮಕ್ಕಳು ಓದುತ್ತಿರುವುದನ್ನು ನಾವು ಒಮ್ಮೆಯಾದರೂ ಓದಿ ನೋಡಬೇಕು ಎಂಬ ಕಾರಣಕ್ಕೆ ಈ ಬರಹ.

ಆಟವೆಂದ ಕೂಡಲೇ ಓಡುವುದು, ಗುಂಡು ಹಾರಿಸುವುದು ಎಂದುಕೊಳ್ಳಬೇಡಿ. ಇದು ಓದುವ ಆಟ. ವಾರಪತ್ರಿಕೆಯ ಧಾರಾವಾಹಿ ಪರದೆಯ ಮೇಲೆ ಬಂದಂತೆ. ಮೇಲೆ ಚಿತ್ರ, ಕೆಳಗೆ ಮಾತು, ಹಿನ್ನೆಲೆಯಲ್ಲಿ ಸಂಗೀತ. ಗಂಡು ಪಾತ್ರಗಳಿಗೆ ಹೆಸರಾಂತ ನಟರು ದನಿ ಕೊಟ್ಟಿರುತ್ತಾರೆ. ಕಥೆ ನಡುನಡುವೆ ನಿಂತು ನಿಮ್ಮನ್ನು ಕೇಳುತ್ತದೆ: ಈಗ ನೀನು ಏನು ಹೇಳುತ್ತೀ? ಎಲ್ಲಿಗೆ ಹೋಗುತ್ತೀ? ಎರಡು ಮೂರು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಆರಿಸಿದ ಮಾತು ಆ ಗಂಡಿಗೆ ಹಿಡಿಸಿದರೆ ಪರದೆಯ ಮೇಲೆ ಹೂವೋ ಹೃದಯವೋ ಮಿನುಗುತ್ತದೆ. ಹಾಗೆ ಹೋಗುತ್ತಾ ಕಥೆ ಒಬ್ಬನ ದಾರಿ ಹಿಡಿಯುತ್ತದೆ. ಮುಗಿದ ಮೇಲೆ ಮೊದಲಿನಿಂದ ಶುರುಮಾಡಿ ಇನ್ನೊಬ್ಬನ ದಾರಿ ಹಿಡಿಯಬಹುದು. ಒಂದೇ ಜನ್ಮದಲ್ಲಿ ಐದು ಸಂಸಾರ! ನಮ್ಮ ಅಜ್ಜಿಯರು ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಮುಚ್ಚಿಕೊಂಡು, ಬೆರಳ ಸಂದಿಯಿಂದ ಕೇಳುತ್ತಲೂ ಇದ್ದರು.

ಬೆಂಗಳೂರಿನಲ್ಲಿ ನೌಕರಿ ಮಾಡುವ ನನ್ನ ತಂಗಿಯ ಮಗಳು ದೀಪಾವಳಿಗೆ ಬಂದಾಗ ನಿಂಟೆಂಡೊ ಸ್ವಿಚ್ ಎಂಬ ಅಂಗೈಯಗಲದ ಯಂತ್ರ ತಂದಿದ್ದಳು. "ದೊಡ್ಡಮ್ಮ, ನಿಮ್ಮ ತ್ರಿವೇಣಿ, ಸಾಯಿಸುತೆ ಎಲ್ಲ ಇದರಲ್ಲೇ ಇದ್ದಾರೆ, ನೋಡಿ" ಎಂದು ಕೈಗಿಟ್ಟಳು. ಇರಲಿಲ್ಲ. ಆದರೆ ಅವರ ನೆಂಟರಿಷ್ಟರು ಯಾರೋ ಇದ್ದಂತಿತ್ತು. ಹಬ್ಬದ ರಜೆಯಲ್ಲಿ ಎರಡು ಕಥೆಗಳನ್ನೂ, ಆಮೇಲೆ ಕಂಪ್ಯೂಟರಿನಲ್ಲಿ ಮತ್ತೊಂದನ್ನೂ ನಾನು ಪೂರ್ತಿ ಓದಿದೆ.

ಮೊದಲು ಸ್ವಲ್ಪ ಇತಿಹಾಸ. ಇಂಥ ಆಟಗಳಲ್ಲಿ ಮೊದಲನೆಯದು 1994ರಲ್ಲಿ ಬಂದ 'ಏಂಜೆಲಿಕ್'. ಕೊಯಿ ಎಂಬ ಸಂಸ್ಥೆಯನ್ನು ಗಂಡನೊಡನೆ ಕಟ್ಟಿದ ಎರಿಕಾವಾ ಕೆಯಿಕೊ ಎಂಬ ಮಹಿಳೆ, ಹೆಂಗಸರಿಗಾಗಿ ಹೆಂಗಸರೇ ಆಟ ಮಾಡಬೇಕೆಂದು 'ರೂಬಿ ಪಾರ್ಟಿ' ಎಂಬ ತಂಡ ಕಟ್ಟಿದರು. ಆ ತಂಡದ ಮೊದಲ ಕೂಸು ಇದು. ಇಡೀ ವಿಶ್ವಕ್ಕೆ ರಾಣಿಯಾಗಲು ಇಬ್ಬರು ಶಾಲಾ ಹುಡುಗಿಯರ ನಡುವೆ ಸ್ಪರ್ಧೆ. ಅವರಿಗೆ ನೆರವಾಗಲು ಒಂಬತ್ತು ಜನ ರಕ್ಷಕರು. ಆ ರಕ್ಷಕರಲ್ಲಿ ಒಬ್ಬನ ಪ್ರೀತಿಗೆ ಒಪ್ಪಿದರೆ ಸಿಂಹಾಸನ ಬಿಡಬೇಕು. ಸಿಂಹಾಸನ ಏರಿದರೆ ಪ್ರೀತಿ ಬಿಡಬೇಕು. ಓದುತ್ತಿದ್ದಂತೆ ನನಗೆ ನಗು ಬಂತು. ಬಿ.ಎಡ್. ಸೀಟು ಸಿಕ್ಕಿದ ವಾರವೇ ವರ ಗೊತ್ತಾದ ಎಷ್ಟು ಗೆಳತಿಯರ ಮುಂದೆ ಇದೇ ಪ್ರಶ್ನೆ ನಿಂತಿರಲಿಲ್ಲ! ಜಪಾನಾದರೇನು, ಜೋಯಿಡಾ ಆದರೇನು.

ಏಂಜೆಲಿಕ್ ಆಗ ಜಪಾನಿನ ಹೊರಗೆ ಬರಲಿಲ್ಲ. ಹೆಂಗಸರು ಇಂಥವನ್ನು ಕೊಂಡು ಆಡುತ್ತಾರೆಂದು ಮಾರುವವರಿಗೆ ನಂಬಿಕೆಯೇ ಇರಲಿಲ್ಲ. 2006ರಲ್ಲಿ 'ಯೊ-ಜಿನ್-ಬೊ' ಎಂಬುದೊಂದು ಇಂಗ್ಲಿಷಿನಲ್ಲಿ ಬಂತು. 2012ರಲ್ಲಿ 'ಹಕುಓಕಿ' ಬಂದ ಮೇಲೆ ಹಾದಿ ತೆರೆಯಿತು. 2015ರಲ್ಲಿ 'ಅಮ್ನೀಶಿಯಾ', 'ಕೋಡ್ ರಿಯಲೈಜ್' ಬಂದವು. 2020ರಿಂದೀಚೆಗೆ ಸ್ವಿಚ್ ಯಂತ್ರಕ್ಕೆ ವರ್ಷಕ್ಕೆ ಹಲವು ಬರುತ್ತಿವೆ. 2021ರಲ್ಲಿ ಬಂದ 'ಕ್ಯುಪಿಡ್ ಪ್ಯಾರಸೈಟ್' ಎಂಬುದರ ನಾಯಕಿ ವಧೂವರರ ಕೇಂದ್ರವೊಂದರಲ್ಲಿ ನೌಕರಿ ಮಾಡುವವಳು. ಯಾರೂ ಒಪ್ಪದ ಐದು ಗಂಡುಗಳಿಗೆ ಸಂಬಂಧ ಹುಡುಕುವುದು ಅವಳ ಪಾಲಿಗೆ ಬಂದ ಕೆಲಸ. ಒಂದೊಂದಕ್ಕೆ ಐವತ್ತು ಡಾಲರಿನಷ್ಟು ಬೆಲೆ. ನಮ್ಮೂರಿನ ಹುಡುಗಿಯರಿಗೆ ಅದು ಕೈಗೆಟುಕದ ಮಾತು. ಅವರಿಗೆ ಸಿಗುವುದು ಮೊಬೈಲಿನಲ್ಲಿ ಪುಕ್ಕಟೆ ಬರುವ ಇಂಥವೇ ಬೇರೆ ಆಟಗಳು. ಅವುಗಳ ಮಾತಿಗೆ ಆಮೇಲೆ ಬರುತ್ತೇನೆ.

ಹೊರಗಿನ ಕಥೆಗಳು ನಮ್ಮ ಹೆಂಗಸರನ್ನು ಕೆಡಿಸುತ್ತವೆ ಎಂಬ ಕೂಗು ಹೊಸದಲ್ಲ. ನೂರು ವರ್ಷದ ಹಿಂದೆ ಕಾದಂಬರಿ ಓದುವ ಸೊಸೆ ಎಂದರೇ ಮನೆಯವರಿಗೆ ಹೆದರಿಕೆ. ಆ ಕಾದಂಬರಿಗಳಾದರೂ ಎಲ್ಲಿಂದ ಬಂದವು? ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ನಮ್ಮ ಪಕ್ಕದ ಧಾರವಾಡ ಸೀಮೆಯ ಗಳಗನಾಥರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ನಂಜನಗೂಡು ತಿರುಮಲಾಂಬಾ ಅವರು ಚಿಕ್ಕ ವಯಸ್ಸಿನಲ್ಲೇ ವಿಧವೆಯಾದರೂ ತಾವೇ ಬರೆದು, ತಾವೇ ಗ್ರಂಥಮಾಲೆ ನಡೆಸಿ ಹೆಂಗಸರ ಕೈಗೆ ಪುಸ್ತಕ ಕೊಟ್ಟರು. ಹೊರಗಿನದು ಬಂತು, ನಮ್ಮದಾಯಿತು, ಅದರ ಬಲದ ಮೇಲೆ ನಮ್ಮದೇ ಬೆಳೆಯಿತು. ಆದ್ದರಿಂದ ಜಪಾನಿನದು ಎಂಬ ಕಾರಣಕ್ಕೆ ನಾನು ಈ ಆಟಗಳನ್ನು ಬೇಡವೆನ್ನಲಾರೆ.

ನಮ್ಮ ಪ್ರಾಯದಲ್ಲಿ ನಾವು ಓದಿದ್ದು ಬಾಡಿಗೆ ಲೈಬ್ರರಿಯ ಕಾದಂಬರಿ. ಪುಟದ ತುದಿ ಮಡಚಿ, ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟು ಓದಿದ್ದು. ಆ ನಾಯಕಿಯರು ಸಹಿಸುತ್ತಿದ್ದರು, ಕಾಯುತ್ತಿದ್ದರು, ಕೊನೆಯ ಪುಟದಲ್ಲಿ ನಾಯಕ ತನ್ನ ತಪ್ಪು ತಿಳಿದು ಬರುತ್ತಿದ್ದ. ಆರಿಸುವ ಹಕ್ಕು ಅವನದು, ಆರಿಸಿಕೊಳ್ಳಲ್ಪಡುವ ಭಾಗ್ಯ ಇವಳದು. ಒಟೊಮೆ ಆಟ ಈ ಲೆಕ್ಕವನ್ನು ತಿರುಗಿಸಿದೆ. ನಮ್ಮ ಹುಡುಗಿಯರಿಗೆ ಅದು ಹಿಡಿಸಿದ್ದರೆ ಆಶ್ಚರ್ಯವಿಲ್ಲ. "ಅಕ್ಕೋರೆ, ಇದರಲ್ಲಿ ನನ್ನ ಮಾತು ಮುಗಿಯುವ ತನಕ ಅವನು ಸುಮ್ಮನೆ ನಿಂತಿರುತ್ತಾನೆ" ಎಂದು ಹತ್ತನೆಯ ತರಗತಿಯ ಒಬ್ಬ ಹುಡುಗಿ ಹೇಳಿದ್ದು ನನಗೆ ನೆನಪಿದೆ. ಚೆಲುವ, ಶೂರ, ಶ್ರೀಮಂತ ಎಂದೇನೂ ಅವಳು ಹೇಳಲಿಲ್ಲ. ಸುಮ್ಮನೆ ನಿಂತು ಕೇಳುತ್ತಾನೆ ಎಂದಳು. ಅವಳ ಮನೆಯಲ್ಲಿ ಅವಳ ಮಾತು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಕೇಳುವುದು ಬೇರೆ, ಕೇಳಿ ನಡೆಸುವುದು ಬೇರೆ. ಆಟಗಳನ್ನು ಒಂದೊಂದಾಗಿ ನೋಡೋಣ.

ಹಕುಓಕಿಯ ನಾಯಕಿ ಚಿಜುರು. ಕಾಣೆಯಾದ ವೈದ್ಯ ತಂದೆಯನ್ನು ಹುಡುಕಿಕೊಂಡು ಗಂಡುವೇಷದಲ್ಲಿ ಕ್ಯೋಟೋ ನಗರಕ್ಕೆ ಬರುತ್ತಾಳೆ. ಶಿನ್ಸೆನ್‌ಗುಮಿ ಎಂಬ ಕತ್ತಿಯಾಳುಗಳ ಪಡೆಯ ಕೈಗೆ ಸಿಕ್ಕುತ್ತಾಳೆ. ಈ ಪಡೆ 1860ರ ದಶಕದಲ್ಲಿ ನಿಜವಾಗಿ ಇದ್ದದ್ದು. ಅಳಿಯುತ್ತಿರುವ ಒಂದು ವ್ಯವಸ್ಥೆಗೆ ನಿಷ್ಠರಾಗಿ ಒಬ್ಬೊಬ್ಬರೇ ಮುಗಿದುಹೋಗುವ ಆ ಗಂಡಸರ ಕಥೆಯನ್ನು ಬಹಳ ಚೆನ್ನಾಗಿ ಹೇಳಿದ್ದಾರೆ. ಓದಿ ನನ್ನ ಕಣ್ಣು ತುಂಬಿ ಬಂದದ್ದು ಸುಳ್ಳಲ್ಲ. ಆದರೆ ಚಿಜುರು ಏನು ಮಾಡುತ್ತಾಳೆ? ಸೊಂಟದಲ್ಲಿ ಕಿರುಗತ್ತಿ ಇದೆ, ಅದು ಒರೆಯಿಂದ ಹೊರಬರುವುದೇ ಅಪರೂಪ. ಚಹಾ ಕೊಡುತ್ತಾಳೆ, ಕಸ ಗುಡಿಸುತ್ತಾಳೆ, ಗಾಯಕ್ಕೆ ಬಟ್ಟೆ ಕಟ್ಟುತ್ತಾಳೆ, ಕಾಯುತ್ತಾಳೆ. ಇದನ್ನು ಕಲಿಯಲು ನಮ್ಮ ಹುಡುಗಿಯರು ಜಪಾನಿನವರೆಗೆ ಹೋಗಬೇಕೇ? ಅದು ನಮ್ಮ ಅಡುಗೆಮನೆಯಲ್ಲೇ ಪುಕ್ಕಟೆ ಸಿಗುತ್ತದೆ.

ಕೋಡ್ ರಿಯಲೈಜ್ ಇದಕ್ಕಿಂತ ಮೇಲು. ಅದರ ನಾಯಕಿ ಕಾರ್ಡಿಯಾಳ ಮೈಯೆಲ್ಲ ವಿಷ. ಅವಳು ಮುಟ್ಟಿದ್ದು ಕರಗಿಹೋಗುತ್ತದೆ. ವಿಷಕನ್ಯೆಯ ಕಥೆ ನಮಗೆ ಹೊಸದಲ್ಲ. ವಿಶಾಖದತ್ತನ 'ಮುದ್ರಾರಾಕ್ಷಸ'ದಲ್ಲಿ ಚಂದ್ರಗುಪ್ತನನ್ನು ಕೊಲ್ಲಲೆಂದು ಕಳಿಸಿದ ವಿಷಕನ್ಯೆ ಪರ್ವತರಾಜನ ಸಾವಿಗೆ ಕಾರಣಳಾಗುತ್ತಾಳೆ. ಆದರೆ ಅವಳು ರಂಗದ ಮೇಲೆ ಬರುವುದಿಲ್ಲ, ಅವಳಿಗೊಂದು ಮಾತಿಲ್ಲ. ರಾಜಕಾರಣಿಗಳ ಕೈಯ ಬಾಣ ಅವಳು, ಅಷ್ಟೇ. ಮುಟ್ಟಿದರೆ ಸಾಯಿಸುವ ಆ ಹುಡುಗಿಗೆ ಒಳಗೆ ಏನನ್ನಿಸುತ್ತಿತ್ತು ಎಂದು ನಮ್ಮವರು ಕೇಳಲಿಲ್ಲ. ಈ ಆಟ ಕೇಳುತ್ತದೆ. ತನ್ನನ್ನು ಹೀಗೆ ಮಾಡಿದವರು ಯಾರು, ಏಕೆ ಎಂದು ಅವಳು ಹುಡುಕುತ್ತಾಳೆ. ಕತ್ತಿವರಸೆ, ಕಳ್ಳವಿದ್ಯೆ ಎಲ್ಲ ಕಲಿಯುತ್ತಾಳೆ. ಅವಳನ್ನು ಪ್ರೀತಿಸುವವನು ಅವಳ ಕೈ ಹಿಡಿಯಲೂ ಆಗದು, ದೂರದಲ್ಲಿ ನಿಂತೇ ಜೊತೆಗಿರಬೇಕು. ಮುಟ್ಟಿನ ಮೂರು ದಿನ ಹೊರಗೆ ಕೂತು ಬೆಳೆದ ನಮ್ಮ ತಲೆಮಾರಿನವರಿಗೆ, "ಮುಟ್ಟಬೇಡ" ಎಂದು ಹೇಳಿಸಿಕೊಂಡು ಬೆಳೆದ ಹುಡುಗಿಯ ಸಂಕಟ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು ಅಮ್ನೀಶಿಯಾ. ಇಲ್ಲಿ ನಾಯಕಿಗೆ ನೆನಪು ಹೋಗಿದೆ, ಹೆಸರೂ ಇಲ್ಲ, ಮಾತೂ ಕಡಿಮೆ. ಒಂದು ದಾರಿಯಲ್ಲಿ ಬಾಲ್ಯದ ಗೆಳೆಯನೊಬ್ಬ ಅವಳನ್ನು ರಕ್ಷಿಸುವ ನೆಪದಲ್ಲಿ ಪಂಜರದಲ್ಲಿ ಕೂಡಿಹಾಕುತ್ತಾನೆ. ಅಕ್ಷರಶಃ ಪಂಜರ. ಕೊನೆಗೆ ಅದನ್ನೂ ಪ್ರೀತಿಯ ಅತಿರೇಕವೆಂದು ಒಪ್ಪಿಸಿ ಕಥೆ ಸುಖಾಂತ್ಯವಾಗುತ್ತದೆ. ಇಲ್ಲಿ ನನಗೆ ತ್ರಿವೇಣಿಯವರ 'ಶರಪಂಜರ' ನೆನಪಾಯಿತು. ಅಲ್ಲಿಯೂ ಪಂಜರ ಇದೆ. ಬಾಣಂತಿತನದಲ್ಲಿ ಚಿತ್ತ ಕದಡಿದ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಗಂಡನೂ ನೆರೆಹೊರೆಯೂ ಅವಳನ್ನು ಹುಚ್ಚಿಯೆಂದೇ ನೋಡುತ್ತಾರೆ. ಆ ನೋಟವೇ ಅವಳನ್ನು ಮತ್ತೆ ಹುಚ್ಚಿಗೆ ದೂಡುತ್ತದೆ. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ ತೀರಿಕೊಂಡ ತ್ರಿವೇಣಿ ಪಂಜರವನ್ನು ಪಂಜರವೆಂದೇ ಕರೆದರು, ಅದಕ್ಕೆ ಹೂ ಮುಡಿಸಲಿಲ್ಲ. ನಾಯಕಿಗೆ ಆಯ್ಕೆ ಇಲ್ಲದ ಕಾದಂಬರಿ ನಿಜ ಹೇಳಿತು. ಆಯ್ಕೆ ಕೊಡುವ ಆಟ ಸುಳ್ಳು ಹೇಳಿತು. ಆದ್ದರಿಂದ ಆಯ್ಕೆ ಇದೆ ಎಂದ ಮಾತ್ರಕ್ಕೆ ಕಥೆ ಹುಡುಗಿಯ ಪಕ್ಷದ್ದು ಎಂದು ತಿಳಿಯಬಾರದು.

ಇನ್ನು ಆ ಆಯ್ಕೆಯ ವಿಷಯ. "ನಿನಗೆ ಯಾರು ಬೇಕು?" ಎಂದು ಈ ಆಟಗಳು ಕೇಳುತ್ತವೆಯೇ ಹೊರತು, "ನಿನಗೆ ಏನು ಬೇಕು?" ಎಂದು ಕೇಳುವುದು ಅಪರೂಪ. ಮಧ್ಯದಲ್ಲಿ ಆಡುವ ಮಾತನ್ನು ಅಳೆಯುವ ತಕ್ಕಡಿಯಾದರೂ ಯಾವುದು? ಅದು ಅವನಿಗೆ ಹಿಡಿಸಿತೇ ಇಲ್ಲವೇ ಎಂಬುದು. ಅಂದರೆ ಜಾಣ ಹುಡುಗಿ ತನ್ನ ಮನಸ್ಸಿನ ಮಾತು ಆಡದೆ, ಅವನ ಮನಸ್ಸು ಓದಿ ಅವನಿಗೆ ಬೇಕಾದ ಮಾತು ಆಡಲು ಕಲಿಯುತ್ತಾಳೆ. ಅತ್ತೆಯ ಮನೆಗೆ ಹೊರಟ ಮಗಳಿಗೆ ತಾಯಿ ಹೇಳುವ ಬುದ್ಧಿಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಯಾರ ದಾರಿಯನ್ನೂ ಹಿಡಿಯದೆ ಹೋದರೆ ಹೆಚ್ಚಿನ ಆಟಗಳಲ್ಲಿ ಕಥೆ ಅರ್ಧಕ್ಕೆ ನಿಲ್ಲುತ್ತದೆ, ಇಲ್ಲವೇ ಕೆಟ್ಟ ಅಂತ್ಯವೆಂದು ಬರುತ್ತದೆ. ಐದು ಬಾಗಿಲ ಮನೆ ಅದು. ಪ್ರತಿ ಬಾಗಿಲಲ್ಲೂ ಒಬ್ಬ ಗಂಡಸು ನಿಂತಿದ್ದಾನೆ. ಗಂಡಸು ನಿಲ್ಲದ ಬಾಗಿಲೊಂದು ಇಲ್ಲ.

ನಮ್ಮ ಕನ್ನಡದಲ್ಲಿ ಆ ಬಾಗಿಲು ಇದೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' 1976ರಲ್ಲಿ ಬಂತು. ಬಾಲ್ಯದಲ್ಲೇ ವಿಧವೆಯಾದ ಫಣಿಯಮ್ಮ ನೂರು ದಾಟುವವರೆಗೆ ಬದುಕುತ್ತಾಳೆ. ಆ ಕಥೆಯಲ್ಲಿ ನಾಯಕನಿಲ್ಲ. ಬಂಧನ ಅವಳು ಆರಿಸಿದ್ದಲ್ಲ, ಲೋಕ ಹೇರಿದ್ದು. ಆದರೆ ಅದರೊಳಗೇ ಅವಳು ನೂರು ಸಣ್ಣ ಸಣ್ಣ ಆಯ್ಕೆಗಳನ್ನು ಮಾಡುತ್ತಾಳೆ. ಮಡಿ ಮೀರಿ, ಜಾತಿ ಮೀರಿ ಹೆರಿಗೆಗೆ ಹೋಗುತ್ತಾಳೆ. ತನಗಾದ ಕೇಶಮುಂಡನ ಮುಂದಿನ ಹುಡುಗಿಗೆ ಆಗಬಾರದೆಂದು ಅವಳ ಪರ ನಿಲ್ಲುತ್ತಾಳೆ. ಒಟೊಮೆ ಆಟದ ಲೆಕ್ಕದಲ್ಲಿ ಫಣಿಯಮ್ಮನದು ಕೆಟ್ಟ ಅಂತ್ಯ. ಕನ್ನಡದ ಹೆಂಗಸರು ಮಾತ್ರ ಆ ಪುಸ್ತಕವನ್ನು ಎದೆಗೊತ್ತಿಕೊಂಡರು. ಹೃದಯದ ಗುರುತು ಒಂದೂ ಮಿನುಗದ ಬದುಕು ಕೂಡ ದೊಡ್ಡ ಬದುಕಾಗಬಹುದೆಂದು ನಮಗೆ ಕಲಿಸಿದ್ದು ಆ ಪುಸ್ತಕ.

ಇನ್ನು ಮೊಬೈಲಿನ ಪುಕ್ಕಟೆ ಆಟಗಳು. ಕೊರಿಯಾದಿಂದ 2016ರಲ್ಲಿ ಬಂದ 'ಮಿಸ್ಟಿಕ್ ಮೆಸೆಂಜರ್' ವಾಟ್ಸಾಪಿನ ಹಾಗೆ ಗಡಿಯಾರ ನೋಡಿ ಮಾತಾಡಿಸುತ್ತದೆ. ನಡುರಾತ್ರಿ ಕಳೆದ ಮೇಲೂ ಅವನ ಸಂದೇಶ ಬರುತ್ತದೆ. ತಪ್ಪಿಸಿಕೊಂಡರೆ ಆ ಮಾತುಕತೆಗೆ ಮತ್ತೆ ಸೇರಲು ಆಟದೊಳಗಿನ ನಾಣ್ಯ ತೆರಬೇಕು. ಚೀನಾದಿಂದ 2024ರಲ್ಲಿ ಬಂದ 'ಲವ್ ಅಂಡ್ ಡೀಪ್‌ಸ್ಪೇಸ್'ನಲ್ಲಿ ಅವನ ಹೊಸ ಚಿತ್ರ, ಹೊಸ ಪ್ರಸಂಗ ಬೇಕಾದರೆ ಚೀಟಿ ಎತ್ತಬೇಕು, ಲಾಟರಿಯಂತೆ. ಕಥೆ ಹೇಳುವವನು ಕಥೆ ಮುಗಿಸಬೇಕು, ಇವರು ಮುಗಿಸುವುದಿಲ್ಲ. ಬೆಳಿಗ್ಗೆ ಮೊದಲ ಅವಧಿಯಲ್ಲಿ ತೂಕಡಿಸುವ ಹುಡುಗಿಯನ್ನು ಬೈಯುವ ಮೊದಲು ರಾತ್ರಿ ಎರಡಕ್ಕೆ ಅವಳನ್ನು ಎಬ್ಬಿಸಿದವರು ಯಾರೆಂದು ಕೇಳಿ. ತಾಯಂದಿರಿಗೆ ಇನ್ನೊಂದು ಮಾತು: ಈ ಆಟಗಳಲ್ಲಿ ಹಲವಕ್ಕೆ ಹದಿನೇಳು ದಾಟಿದವರಿಗೆ ಮಾತ್ರ ಎಂಬ ಗುರುತು ಇರುತ್ತದೆ. ಅದನ್ನು ನೋಡುವುದು ನಮ್ಮ ಕೆಲಸ. ಮೊಬೈಲು ಕಿತ್ತುಕೊಳ್ಳುವುದು ಸುಲಭ, ಪಕ್ಕದಲ್ಲಿ ಕೂತು "ಇವನು ಯಾರೇ? ಇವನ ಗುಣ ಹೇಗೆ?" ಎಂದು ಕೇಳುವುದು ಕಷ್ಟ. ಮಾತಿಗೆ ದಾರಿಯಾಗುವುದು ಎರಡನೆಯದೇ.

ಕೊನೆಯದಾಗಿ ಭಾಷೆಯ ಪ್ರಶ್ನೆ. ನಮ್ಮ ಈ ನಾಲ್ಕು ತಾಲ್ಲೂಕುಗಳಂಥ ಭಾಷೆಯ ಸಂತೆ ಎಲ್ಲಿದೆ? ಹಳಿಯಾಳದಲ್ಲಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಜೋಯಿಡಾದಲ್ಲಿ ಕೊಂಕಣಿ. ಸಿದ್ದಿಯರದು ಅವರದೇ ಬಗೆಯ ಕೊಂಕಣಿ. ಮುಂಡಗೋಡಿನ ಕ್ಯಾಂಪಿನಲ್ಲಿ 1966ರಿಂದ ಟಿಬೆಟನ್. ಕಾಗದದ ಕಾರ್ಖಾನೆಯ ದಾಂಡೇಲಿಯಲ್ಲಿ ದೇಶದ ಎಲ್ಲ ಮೂಲೆಯ ಮಾತು. ಈ ಮಕ್ಕಳು ಪ್ರೇಮದ ಮಾತನ್ನು ಮಾತ್ರ ಇಂಗ್ಲಿಷಿನಲ್ಲಿ ಓದುತ್ತಾರೆ. ವೆಂಕಟಾಚಾರ್ಯರ ಕಾಲದಲ್ಲಿ ಪರದೇಶದ ಕಥೆ ನಮ್ಮ ಭಾಷೆಗೆ ನಡೆದು ಬರುತ್ತಿತ್ತು. ಈಗ ನಮ್ಮ ಹುಡುಗಿಯೇ ಕಥೆಯ ಬಳಿಗೆ ಇಂಗ್ಲಿಷಿನ ಟಿಕೆಟು ತೆಗೆದು ಹೋಗಬೇಕಾಗಿದೆ.

ಇದರಲ್ಲಿ ಒಂದು ತಮಾಷೆಯಿದೆ. ಈ ಕಥೆಗಳಿಗೆ ಇಂಗ್ಲಿಷಿಗಿಂತ ಕನ್ನಡವೇ ಹೆಚ್ಚು ಒಪ್ಪುತ್ತದೆ. ಜಪಾನಿಯಲ್ಲಿ ಮನೆತನದ ಹೆಸರಿಗೆ 'ಸಾನ್' ಸೇರಿಸಿ ಕರೆಯುತ್ತಿದ್ದವರು ಒಂದು ದಿನ ಬರಿಯ ಹೆಸರು ಹಿಡಿದು ಕರೆದರೆಂದರೆ ಎದೆಬಡಿತ ಹೆಚ್ಚುತ್ತದೆ. ಅದು ದೊಡ್ಡ ಘಟನೆ. ಹೆಂಡತಿ ಗಂಡನನ್ನು 'ಅನಾತಾ' ಎನ್ನುತ್ತಾಳೆ, ನಮ್ಮ 'ರೀ' ಇದ್ದ ಹಾಗೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯೂ'. ಕನ್ನಡದಲ್ಲಿ 'ನೀವು' ಎನ್ನುತ್ತಿದ್ದವಳು 'ನೀನು' ಎಂದ ಕ್ಷಣ ಗೊತ್ತಾಗುತ್ತದೆ. ನಮ್ಮಲ್ಲಿ ಗಂಡ ಹೆಂಡತಿಗೆ 'ನೀನು' ಎನ್ನುತ್ತಾನೆ, ಹೆಂಡತಿ ಗಂಡನಿಗೆ 'ನೀವು' ಎನ್ನುತ್ತಾಳೆ. ಈ ತಾರತಮ್ಯವನ್ನೇ ಹಿಡಿದು ಒಂದು ಆಟ ಬರೆಯಬಹುದು. "ಏನ್ರೀ" ಎನ್ನಬೇಕೇ, "ಏನೋ" ಎನ್ನಬೇಕೇ ಎಂದು ಹುಡುಗಿಯನ್ನೇ ಆರಿಸಲು ಬಿಡಬಹುದು.

ಕಂಪ್ಯೂಟರ್ ಕಲಿತ ಹೆಣ್ಣುಮಕ್ಕಳು ನಮ್ಮಲ್ಲಿ ಈಗ ಬೇಕಾದಷ್ಟಿದ್ದಾರೆ. ಕಥೆ ಬರೆಯಬಲ್ಲವರಿಗೂ ಬರವಿಲ್ಲ. ಎರಿಕಾವಾ ಅವರಂತೆ ನಾಲ್ಕು ಜನ ಸೇರಿದರೆ ಸಾಕು. ಕಾಳಿ ನದಿಯ ದಂಡೆಯ ಊರೊಂದರಲ್ಲಿ ಒಬ್ಬ ಹುಡುಗಿ ಇರಲಿ. ನರ್ಸಿಂಗ್ ಓದಬೇಕೆಂಬ ಆಸೆ ಅವಳಿಗಿರಲಿ. ಐದು ಗಂಡುಗಳೂ ಬರಲಿ, ಬೇಡವೆಂದವರು ಯಾರು? ಆದರೆ ಪ್ರತಿ ತಿರುವಿನಲ್ಲೂ ಅವಳ ಮಾತು ಅವಳಿಗೆ ಹಿಡಿಸಿತೇ ಎಂದು ಅಳೆಯಲಿ. ಯಾರನ್ನೂ ಆರಿಸದೆ ಬಸ್ಸು ಹತ್ತಿ ಧಾರವಾಡಕ್ಕೆ ಓದಲು ಹೊರಟರೆ ಅದನ್ನು ಕೆಟ್ಟ ಅಂತ್ಯವೆಂದು ಕರೆಯದಿರಲಿ. ಅಂಥದೊಂದು ಕನ್ನಡದಲ್ಲಿ ಬಂದರೆ ನಾನೇ ಮೊದಲು ಕೊಂಡು, ನಮ್ಮ ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿ ಫಣಿಯಮ್ಮನ ಪಕ್ಕಕ್ಕೆ ಇಡುತ್ತೇನೆ.